ಪಾಸಾದ ಸುಧಾರಣೆ

(ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೋಣೆ. ಸ್ಮಾರ್ಟ್ ಬೋರ್ಡ್ ಬಂದಿದೆ, ಕರೆಂಟು ದಾರಿಯಲ್ಲಿದೆ.)

ಸಾಹೇಬರು: ಏನ್ರೀ ಮೇಷ್ಟ್ರೇ, ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು 2024ರಲ್ಲಿ 73.40ಕ್ಕೆ ಜಾರಿತಲ್ಲ!

ಮೇಷ್ಟ್ರು: ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತಲ್ಲ ಸಾರ್. ಮಕ್ಕಳ ಕಲಿಕೆ ಅಷ್ಟೇ ಇತ್ತು, ಪಕ್ಕದ ಬೆಂಚಿನವನು ಕಲಿಸೋದು ನಿಂತೋಯ್ತು.

ಸಾಹೇಬರು: ಅದಕ್ಕೇ ಕೃಪಾಂಕ ಏರಿಸಿದೆವಲ್ಲ!

ಮೇಷ್ಟ್ರು: ಅದನ್ನ ಸೇರಿಸಿಯೇ ಸಾರ್ ಈ 73.

ಸಾಹೇಬರು: (ಕೆಮ್ಮಿ) ಹೋಗ್ಲಿ ಬಿಡಿ. ಈಗ ಪಾಸಾಗೋಕೆ 35 ಬೇಡ, 33 ಸಾಕು. 625ಕ್ಕೆ 206! ಒಂದೇ ಆದೇಶ, ಎಷ್ಟು ಮಕ್ಕಳು ರಾತ್ರೋರಾತ್ರಿ ಜಾಣರಾದರು ನೋಡಿ.

ಮೇಷ್ಟ್ರು: ಗಣಿತದ ಹುದ್ದೆ ಖಾಲಿ ಇದೆ ಸಾರ್.

ಸಾಹೇಬರು: ಅದು ಸುಧಾರಣೆ ಅಲ್ಲಪ್ಪ, ಖರ್ಚು.

ಮೇಷ್ಟ್ರು: ಇರೋ ವಿಜ್ಞಾನದ ಮೇಷ್ಟ್ರೂ ಮನೆಮನೆ ಸಮೀಕ್ಷೆಗೆ ಹೋಗಿದ್ದಾರೆ.

ಸಾಹೇಬರು: ಕಳಿಸಿದ್ಯಾರು?

ಮೇಷ್ಟ್ರು: ತಾವೇ.

ಸಾಹೇಬರು: ಹಾಂ... ಸರಿ, ‘ಕಲಿಕೆ ಸುಧಾರಿಸಿದೆಯೇ?’ ಅಂತ ಆ್ಯಪ್‌ನಲ್ಲಿ ಪ್ರಶ್ನೆ ಇದೆ. ಬೇಗ ಒತ್ತಿ.

ಮೇಷ್ಟ್ರು: ‘ಹೌದು’ ಮಾತ್ರ ಇದೆ ಸಾರ್, ‘ಇಲ್ಲ’ ಕಾಣ್ತಿಲ್ಲ.

ಸಾಹೇಬರು: ಹೇಗ್ರೀ ಕಾಣುತ್ತೆ? ಅದನ್ನ ಹೋದ ವರ್ಷವೇ ಸುಧಾರಿಸಿಬಿಟ್ವಿ!