ಪಂಚವಾರ್ಷಿಕ ಅಧ್ಯಕ್ಷರು

ತಾಲ್ಲೂಕು ಕೇಂದ್ರದ ರೋಟರಿ ಕ್ಲಬ್ಬಿನಲ್ಲಿ ಹಾಲಿ ಅಧ್ಯಕ್ಷರಿಗಿಂತ ಸಡಗರ ಹೆಚ್ಚು ಇರುವುದು ಮುಂದಿನ ಅಧ್ಯಕ್ಷರಿಗೆ. ರೋಟರಿಯ ಹೊಸ ವರ್ಷ ಹುಟ್ಟುವುದು ಜುಲೈ 1ಕ್ಕೆ. ಇವರಿಗೆ ಮಾತ್ರ ಯುಗಾದಿಯ ಹೊತ್ತಿಗೇ ಹುಟ್ಟಿರುತ್ತದೆ. ಅಲ್ಲಿಯವರೆಗೆ ಸಿಮೆಂಟು-ಕಬ್ಬಿಣದ ಅಂಗಡಿಯಲ್ಲಿ ಕೂತು "ಎಷ್ಟು ಮೂಟೆ?" ಎಂದಷ್ಟೇ ಕೇಳುತ್ತಿದ್ದ ಮನುಷ್ಯ, ಜಿಲ್ಲಾ ತರಬೇತಿ ಶಿಬಿರ ಮುಗಿಸಿ ಬಂದದ್ದೇ "ಇದರ ಇಂಪ್ಯಾಕ್ಟ್ ಎಷ್ಟು?" ಎಂದು ಕೇಳತೊಡಗುತ್ತಾರೆ. ಸಾಲ ಕೇಳಲು ಬಂದ ಮೇಸ್ತ್ರಿಗೂ ಅದೇ ಪ್ರಶ್ನೆ.

ಬಿಲ್ ಬರೆಯುವ ಹುಡುಗನ ಕೈಲಿ ಸ್ಲೈಡು ಮಾಡಿಸಿಕೊಂಡು ಸಭೆಗೆ ಬರುತ್ತಾರೆ. ಮೊದಲ ಸ್ಲೈಡಿನಲ್ಲೇ ಮೇಲಕ್ಕೇರುವ ಒಂದು ಹಸಿರು ಬಾಣ. ಇಪ್ಪತ್ತೆಂಟು ಸದಸ್ಯರು ಐವತ್ತಾರು ಆಗಬೇಕು. ಔಷಧಿ ಅಂಗಡಿಯ ಕಾರ್ಯದರ್ಶಿ ಮೆಲ್ಲಗೆ, "ಸಾರ್, ಇಪ್ಪತ್ತೆಂಟರಲ್ಲಿ ಸಭೆಗೆ ಬರೋರು ಹನ್ನೊಂದು ಜನ. ಊಟ ಇದ್ರೆ ಹತ್ತೊಂಬತ್ತು" ಎನ್ನುತ್ತಾರೆ. ಇವರು ಎದೆಗುಂದುವವರಲ್ಲ. "ಹಂಗಾದ್ರೆ ಊಟದಿಂದಲೇ ಶುರು ಮಾಡೋಣ!"

ಬೆಳವಣಿಗೆಯ ಮೊದಲ ಕಂತಿನಲ್ಲಿ ಭಾವಮೈದ ಸದಸ್ಯನಾಗುತ್ತಾನೆ. ಅವನ ಚಂದಾ ಇವರದೇ ಜೇಬಿನಿಂದ. ಆಮೇಲೆ ಜಲ್ಲಿ ಹೊಡೆಯುವ ಲಾರಿಯ ಮಾಲೀಕ, ಬಾಕಿ ವಸೂಲಾಗದ ಇಬ್ಬರು ಗುತ್ತಿಗೆದಾರರು. ಊರಿಗೆ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರಂತೂ ಲಾರಿಯಿಂದ ಮಂಚ ಇಳಿಸುವ ಮೊದಲೇ ಸಿಕ್ಕಿಬೀಳಬೇಕು. ತಡಮಾಡಿದರೆ ಎದುರು ಬೀದಿಯ ಲಯನ್ಸ್‌ನವರು ಹೊತ್ತೊಯ್ಯುತ್ತಾರೆ. 1989ರಿಂದ ರೋಟರಿಯ ಬಾಗಿಲು ಹೆಂಗಸರಿಗೂ ತೆರೆದಿದೆ ಎಂದು ಶಿಬಿರದಲ್ಲಿ ಕೇಳಿದ ನೆನಪಾಗಿ ಮನೆಯಲ್ಲೂ ಒಂದು ಅರ್ಜಿ ನಮೂನೆ ಮುಂದಿಟ್ಟರು. "ಬರ್ತೀನಿ. ಬಂದ್ಮೇಲೆ ಕ್ಲಬ್ಬಿನ ಲೆಕ್ಕ ನಾನೇ ನೋಡ್ತೀನಿ, ಆಗ್ಬಹುದಾ?" ಎಂದರು ಮನೆಯವರು. ನಮೂನೆ ಮತ್ತೆ ಫೈಲು ಸೇರಿತು.

ಇಂಪ್ಯಾಕ್ಟ್ ಲೆಕ್ಕ ಬೇರೆಯೇ ಒಂದು ಗಣಿತ. ಕಣ್ಣಿನ ತಪಾಸಣೆಗೆ ಅರವತ್ತು ಜನ ಬಂದರು ಅನ್ನಿ. ಒಬ್ಬೊಬ್ಬರ ಮನೆಯಲ್ಲಿ ಐವರೆಂದರೆ ಮುನ್ನೂರು. ಅವರು ನೆರೆಹೊರೆಗೆ ಹೇಳಿಯೇ ಹೇಳುತ್ತಾರೆ, ಸಾವಿರದೈನೂರು. ಬಸ್ಸಿನಿಂದ ಬ್ಯಾನರ್ ನೋಡಿದವರು? "ಅವರಿಗೂ ಜಾಗೃತಿ ಮೂಡ್ತಲ್ರೀ!" ವರದಿಗೆ ಐದು ಸಾವಿರ ಹೋಗುತ್ತದೆ. ಕನ್ನಡಕ ಸಿಕ್ಕವರು ಎಷ್ಟು ಮಂದಿ ಎಂಬುದಕ್ಕೆ ವರದಿಯಲ್ಲಿ ಕಾಲಂ ಇರುವುದಿಲ್ಲ.

ಇಷ್ಟೆಲ್ಲ ಹೇಳಿ ಮನುಷ್ಯನನ್ನು ಸಣ್ಣದು ಮಾಡಿದೆನೋ ಏನೋ. ಉತ್ಸಾಹದಲ್ಲಿ ಕಳಂಕವಿಲ್ಲ, ಖರ್ಚಿಗೆ ಹಿಂಜರಿಯುವವರೂ ಅಲ್ಲ. ತೊಡಕಿರುವುದು ಕ್ಯಾಲೆಂಡರಿನಲ್ಲಿ. ಯೋಜನೆ ಐದು ವರ್ಷದ್ದು, ಕೊರಳಿನ ಕಾಲರ್ ಒಂದು ವರ್ಷದ್ದು. ಜೂನ್ 30 ದಾಟಿದರೆ ಕಾಲರ್ ಇನ್ನೊಬ್ಬರಿಗೆ, ಅವರಿಗೆ ಇನ್ನೊಂದು ಬಾಣ, ಇನ್ನೊಂದು ಪಂಚವಾರ್ಷಿಕ. ಕ್ಲಬ್ಬಿನ ಬೀರುವಿನಲ್ಲಿ ಎಷ್ಟೋ ಯೋಜನೆಗಳ ಮೊದಲನೇ ವರ್ಷಗಳು ಒಂದರ ಮೇಲೊಂದು ಕೂತಿವೆ. ಎರಡನೇ ವರ್ಷ ಇದುವರೆಗೆ ಯಾವುದಕ್ಕೂ ಬಂದಿಲ್ಲ. ಮಾಜಿ ಅಧ್ಯಕ್ಷರಿಗೆ ಮಾತ್ರ ಕೊರತೆಯಿಲ್ಲ. ಮುಂದಿನ ಸಾಲಿನ ಕುರ್ಚಿಗಳೆಲ್ಲ ಅವರವೇ. ಹೊಸಬರು ಬಾಯಿ ತೆರೆದರೆ "ಇದನ್ನ ನನ್ನ ಪೀರಿಯಡ್ಡಲ್ಲೇ ಮಾಡಿದ್ದೆವು" ಎಂಬ ಮಂಗಳಾರತಿ.

ಪೋಲಿಯೋ ಕೆಲಸ ಹೀಗೆ ನಡೆದದ್ದಲ್ಲ. 1985ರಲ್ಲಿ ಹಿಡಿದದ್ದನ್ನು ರೋಟರಿ ಬಿಡಲಿಲ್ಲ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಸಿಗುವ ಹೊತ್ತಿಗೆ ಊರೂರ ಕ್ಲಬ್ಬಿನಲ್ಲಿ ಎಷ್ಟು ಕಾಲರ್ ಬದಲಾಗಿದ್ದವೋ. ಹನಿ ಮಾತ್ರ ಅದೇ ಹನಿ.

ನಮ್ಮವರು ಭಾಷಣ ಶುರು ಮಾಡುವುದು 1905ರ ಫೆಬ್ರವರಿ 23ರಿಂದ. ಷಿಕಾಗೋ, ವಕೀಲ ಪಾಲ್ ಹ್ಯಾರಿಸ್, ಬರೀ ನಾಲ್ಕು ಜನ, ಒಂದು ಕೋಣೆ. ಮೊನ್ನೆ ಅಲ್ಲಿಗೆ ಬರುತ್ತಿದ್ದಂತೆ ಹಿಂದಿನ ಸಾಲಿನಿಂದ ನಿವೃತ್ತ ಹೈಸ್ಕೂಲು ಮೇಷ್ಟ್ರು ಎದ್ದು ನಿಂತರು.

"ಅಧ್ಯಕ್ಷರೇ, ಆ ಷಿಕಾಗೋದವರು ಊರಿಗಾಗಿ ಕೈಹಾಕಿದ ಮೊದಲನೇ ಕೆಲಸ ಯಾವುದು ಗೊತ್ತೋ?"

"ನೀವೇ ಹೇಳಿ ಮೇಷ್ಟ್ರೇ."

"ಸಾರ್ವಜನಿಕ ಶೌಚಾಲಯ."

ಸಭೆಯಲ್ಲಿ ಕಿಸಕ್ಕೆಂದು ನಗು. ಮೇಷ್ಟ್ರು ನಗಲಿಲ್ಲ. "ನಮ್ಮ ಬಸ್ ಸ್ಟ್ಯಾಂಡಿನದಕ್ಕೆ ಬೀಗ ಬಿದ್ದು ಎಷ್ಟು ಕಾಲವಾಯ್ತು ನೋಡಿ. ಹಳ್ಳಿಯಿಂದ ಕಾಲೇಜಿಗೆ ಬರೋ ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಕಟ್ಟಡ ಇದೆ. ಒಂದು ಮೋಟರು, ತೊಳೆಯೋ ಹೆಂಗಸಿಗೆ ತಿಂಗಳ ಸಂಬಳ, ಅಷ್ಟು ಮಾಡಿದ್ರೆ ಸಾಕು."

ಅಧ್ಯಕ್ಷರು ನಿಜಕ್ಕೂ ಯೋಚನೆಗೆ ಬಿದ್ದರು. ರೋಟರಿ ಗವರ್ನರ್ ಭೇಟಿಯ ದಿನ ಅಲ್ಲಿ ರಿಬ್ಬನ್ ಎಲ್ಲಿ ಕಟ್ಟುವುದು? ಗ್ರೂಪ್ ಫೋಟೋಗೆ ನಿಲ್ಲುವುದೆಲ್ಲಿ? ಸಂಬಳವೆಂದರೆ ತಿಂಗಳು ತಿಂಗಳೂ ಕೊಡಬೇಕಲ್ಲ, ಜೂನ್ ಆದಮೇಲೂ? ಕಾರ್ಯದರ್ಶಿ ಗಡಿಯಾರ ನೋಡಿದರು. ಹೊರಗೆ ಬಡಿಸುವವರು ಎಲೆ ಹಾಕುವ ಸದ್ದು ಕೇಳಿಸುತ್ತಿತ್ತು.

"ಮೇಷ್ಟ್ರ ಸಲಹೆ ಅಮೂಲ್ಯ. ಬರ್ಕೊಳ್ರೀ" ಎಂದು ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. "ಯೋಜನೆಯ ಎರಡನೇ ವರ್ಷದಲ್ಲಿ."