240 ಗಂಟೆಯ ಸಮಾಜಸೇವೆ

ನಮ್ಮ ಕಾಲೇಜಿನಲ್ಲಿ ಸಮಾಜಸೇವೆಗೆ ಗಂಟೆಯ ಲೆಕ್ಕ. ವರ್ಷಕ್ಕೆ 120, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ವಾರ್ಷಿಕ ವಿಶೇಷ ಶಿಬಿರ. ಇಷ್ಟಾದರೆ ಎನ್ನೆಸ್ಸೆಸ್ ಪ್ರಮಾಣಪತ್ರ ಕೈಗೆ ಬರುತ್ತದೆ. 241ನೇ ಗಂಟೆಯಲ್ಲಿ ಪೊರಕೆ ಹಿಡಿದವರನ್ನು ನಾನಂತೂ ಕಂಡಿಲ್ಲ.

ಈ ಲೆಕ್ಕಾಚಾರದ ಮೂಲ ನನಗೆ ಆಮೇಲೆ ಸಿಕ್ಕಿತು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್ ಶುರುಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು, ಹೆಸರಾಂತ ಅರ್ಥಶಾಸ್ತ್ರಜ್ಞರು. ಪುಣ್ಯಕ್ಕೂ ಖಾತೆ ಪುಸ್ತಕ ಇಡಿಸಬೇಕೆಂಬ ಬುದ್ಧಿ ಅರ್ಥಶಾಸ್ತ್ರದವರಿಗಲ್ಲದೆ ಇನ್ನಾರಿಗೆ ಹೊಳೆದೀತು!

ನಾನು ಸೇರಿದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ಎನ್‌ಸಿಸಿಗಾದರೆ ಬೂಟು ಪಾಲಿಶ್ ಮಾಡಬೇಕು, ಬಿಸಿಲಲ್ಲಿ ನಿಂತು ಬೈಸಿಕೊಳ್ಳಬೇಕು. ಎನ್ನೆಸ್ಸೆಸ್‌ಗೆ ಒಂದು ಟೋಪಿ, ಒಂದು ಬ್ಯಾಡ್ಜು ಸಾಕು. ಆ ಬ್ಯಾಡ್ಜಿನಲ್ಲಿ ಕೊನಾರ್ಕದ ರಥಚಕ್ರ ಇದೆ. ಅದರ ಎಂಟು ಕಡ್ಡಿಗಳೆಂದರೆ ದಿನದ ಎಂಟು ಜಾವ. ಸ್ವಯಂಸೇವಕ ಯಾವ ಹೊತ್ತಿಗಾದರೂ ಸೇವೆಗೆ ಸಿದ್ಧ ಎಂದು ಅರ್ಥ. ಶಿಬಿರದಲ್ಲಿ ನಸುಕಿಗೇ ಪ್ರಭಾತಫೇರಿಗೆ ಎಬ್ಬಿಸುತ್ತಿದ್ದಾಗ ಮಾತ್ರ ಆ ಚಕ್ರ ಚಾಪೆ ಬಿಟ್ಟು ಉರುಳುತ್ತಿರಲಿಲ್ಲ.

ಶಿಬಿರ ನಡೆದದ್ದು ಹಿರೇಹಳ್ಳಿಯ ಕಡೆ. ತುಮಕೂರಿನಿಂದ ಬೆಂಗಳೂರು ಹೆದ್ದಾರಿ ಹಿಡಿದು ಕ್ಯಾತ್ಸಂದ್ರ ದಾಟಿದರೆ ಹಿರೇಹಳ್ಳಿ. ಕೈಗಾರಿಕಾ ಪ್ರದೇಶ ಇದೆ, ರೈಲ್ವೆ ಸ್ಟೇಷನ್ ಇದೆ, ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ. ನಮ್ಮಿಂದ ಉದ್ಧಾರ ಆಗಲಿ ಎಂದು ಕಾದು ಕೂತ ಊರೇನಲ್ಲ. ಆದರೂ ನಾವು ಹೋದೆವು.

ಮೊದಲ ದಿನ ಮನೆಮನೆ ಸಮೀಕ್ಷೆ. ನನ್ನ ಪಾಲಿಗೆ ಬಂದ ಬೀದಿಯ ಮೊದಲನೇ ಮನೆಯಲ್ಲಿ ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಫಾರಂ ಬಿಡಿಸಿ, ಗಂಟಲು ಸರಿಮಾಡಿಕೊಂಡು, ‘ಅಮ್ಮಾ, ನಿಮ್ಮ ಮನೇಲಿ ಶೌಚಾಲಯ ಇದೆಯಾ?’ ಎಂದೆ. ಅವರು ನನ್ನ ಮುಖ ನೋಡಿ, ಮೊರ ಪಕ್ಕಕ್ಕಿಟ್ಟು, ‘ಐತೆ ಕಣಪ್ಪ, ಹಿತ್ಲಾಗೆ. ಯಾಕೆ, ಅರ್ಜೆಂಟಾ?’ ಎಂದರು. ಐವತ್ತು ಹುಡುಗರು ಶಾಲೆಯ ಎರಡೇ ಶೌಚಾಲಯ ನಂಬಿಕೊಂಡು ಬಂದಿರುವುದು ಅಷ್ಟು ಹೊತ್ತಿಗಾಗಲೇ ಊರಿಗೆಲ್ಲ ಗೊತ್ತಾಗಿತ್ತು. ಮಾರನೆಯ ದಿನದಿಂದ ಆ ಬೀದಿಯ ಹಿತ್ತಿಲುಗಳು ನಮಗೆ ತೆರೆದವು. ಫಾರಂನಲ್ಲಿ ‘ಗ್ರಾಮಸ್ಥರಿಗೆ ಒದಗಿಸಿದ ಸೌಲಭ್ಯ’ ಎಂಬ ಕಾಲಂ ಇತ್ತು. ಗ್ರಾಮಸ್ಥರು ಒದಗಿಸಿದ್ದಕ್ಕೆ ಕಾಲಂ ಇರಲಿಲ್ಲ.

ಆಮೇಲೆ ಶ್ರಮದಾನ. ಚರಂಡಿಯ ಹೂಳು ತೆಗೆಯಬೇಕು. ಉದ್ಘಾಟನೆಗೆ ಬರಬೇಕಾದ ಗಣ್ಯರು ತಡಮಾಡಿದರು. ನಾವೋ ಉತ್ಸಾಹದಲ್ಲಿ ಹತ್ತಾರು ಮಾರು ಚರಂಡಿಯನ್ನು ಆಗಲೇ ಬಳಿದು ಬಿಟ್ಟಿದ್ದೆವು. ಗಣ್ಯರು ಬಂದಾಗ ಫೋಟೊಗೆ ಹೂಳೇ ಇಲ್ಲ. ಮೇಷ್ಟ್ರು ಕಣ್ಸನ್ನೆ ಮಾಡಿದ್ದೇ ತಡ, ಎರಡು ಬಾಂಡ್ಲಿ ಹೂಳು ಮತ್ತೆ ಒಳಕ್ಕೆ ಹೋಯಿತು. ಗಣ್ಯರು ಅದನ್ನು ಒಂದು ಸನಿಕೆ ಎತ್ತಿ, ಕೈ ತೊಳೆದು, ಯುವಶಕ್ತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನಾವು ಕೆಸರುಗಾಲಲ್ಲೇ ನಿಂತು ಕೇಳಿದೆವು. ಆ ಮುಕ್ಕಾಲು ಗಂಟೆಯೂ ನಮ್ಮ ಸೇವಾವಧಿಗೇ ಜಮಾ ಆಯಿತು, ಅನ್ಯಾಯವೇನಿಲ್ಲ. ಅಂದಿನ ಕಷ್ಟದ ಕೆಲಸ ಅದೇ ಆಗಿತ್ತು.

ಅವರ ಕಾರು ಹೊರಟ ಮೇಲೆ ಜಗುಲಿ ಮೇಲೆ ಕೂತಿದ್ದ ತಾತ ಎದ್ದು ಬಂದರು. ‘ಅಂಗಲ್ಲ ಮಗಾ, ಸನಿಕೆ ಹಿಡ್ಕಂಡು ದೇವ್ರಿಗೆ ಮಂಗಳಾರ್ತಿ ಎತ್ತೀಯಾ? ಒಂದು ಕೈ ಕೆಳಕ್ಕೆ, ಮಂಡಿ ಬಗ್ಸು’ ಅಂತ ನನ್ನ ಕೈಯಿಂದ ಕಿತ್ತುಕೊಂಡರು. ಸನಿಕೆ ಹೂಳಿನ ಕೆಳಗೆ ಸಲೀಸಾಗಿ ಜಾರಿತು. ಹೊರಬಂದಾಗ ಒಂದು ಹನಿ ಪಂಚೆಗೆ ಸಿಡಿದಿರಲಿಲ್ಲ. ನನ್ನ ಪ್ಯಾಂಟು ನೋಡಿಕೊಂಡೆ, ಸುಮ್ಮನಾದೆ.

ಊಟದ ವ್ಯವಸ್ಥೆ ಊರಿನದೇ. ರಾಗಿ, ತೆಂಗಿನಕಾಯಿ, ಹಿತಕಿದ ಅವರೆಬೇಳೆ ಮನೆಮನೆಯಿಂದ ಬಂತು. ಸಿದ್ಧಗಂಗೆ ಹತ್ತಿರದಲ್ಲೇ, ಸಾವಿರಾರು ಮಕ್ಕಳಿಗೆ ನಿತ್ಯ ದಾಸೋಹ ನಡೆಸುವ ಮಠದ ನೆರೆಯವರಿಗೆ ಐವತ್ತು ಹೊಟ್ಟೆ ಯಾವ ಲೆಕ್ಕ? ರಾತ್ರಿ ಮುದ್ದೆ ಮುರಿಯುವಾಗ ಅದೇ ತಾತ, 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿಗಳು ಲಿಂಗೈಕ್ಯರಾದಾಗಿನ ಕಥೆ ತೆಗೆದರು. ಲಕ್ಷಗಟ್ಟಲೆ ಜನ, ಬಂದವರಿಗೆಲ್ಲ ಪ್ರಸಾದ, ತಾತನ ಪಾಲಿಗೆ ಪಾತ್ರೆ ತೊಳೆಯುವ ಕೆಲಸ. ನಮ್ಮ ತಂಡದ ದಿನಚರಿ ಬರೆಯುವ ಹುಡುಗ ಅಭ್ಯಾಸಬಲದಿಂದ ಕೇಳಿಯೇಬಿಟ್ಟ: ‘ಎಷ್ಟು ಗಂಟೆ ಮಾಡಿದ್ರಿ ತಾತ?’

‘ಎಷ್ಟು ಪಾತ್ರೆ ಇದ್ವೋ ಅಷ್ಟೊತ್ತು.’

ಅವನು ಪೆನ್ನು ಜೇಬಿಗೆ ಹಾಕಿಕೊಂಡು ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಗಿಡ ನೆಡುವ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳಲಾರೆ. ಗುಂಡಿ ತೋಡುವ ಶ್ರಮ ಅಷ್ಟಿರಲಿಲ್ಲ, ಹಿಂದಿನ ವರ್ಷದವರ ಗುಂಡಿಗಳು ಗಿಡವಿಲ್ಲದೆ ಹಾಗೇ ಇದ್ದವು. ಅದಕ್ಕಿಂತ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದದ್ದು ವಾಸಿ. ಅಲ್ಲಿ ‘ಸಿದ್ದು’ ಹಲಸಿನ ಕಸಿ ಸಸಿ ತೋರಿಸಿದರು. ಹಣ್ಣು ಎರಡೂವರೆ ಕೆಜಿ ಆಸುಪಾಸು, ತೊಳೆ ತಾಮ್ರಗೆಂಪು. ಮೂಲ ಮರ ಇರುವುದು ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿ. ಅವರ ತಂದೆ ಸಿದ್ದಪ್ಪ ನೆಟ್ಟದ್ದು. ಅವರ ಹೆಸರೇ ಹಣ್ಣಿಗೆ. 2017ರಲ್ಲಿ ತಳಿಯ ಕಸಿ ಮಾರಲು ಆ ಕುಟುಂಬದ ಜೊತೆ ಒಪ್ಪಂದವೂ ಆಯಿತು. ಸಿದ್ದಪ್ಪನವರು ನೆಟ್ಟಾಗ ಬ್ಯಾನರ್ ಹಿಡಿದವರು ಯಾರೂ ಇದ್ದಿರಲಾರರು. ನಮ್ಮ ಗಿಡಗಳಿಗಾದರೋ ಒಂದೊಂದಕ್ಕೂ ಹೆಸರಿನ ಫಲಕ ಮೊದಲೇ ಸಿದ್ಧವಾಗಿತ್ತು. ನೀರು ಹಾಕುವವರ ಹೆಸರಷ್ಟೇ ಅದರಲ್ಲಿ ಬಿಟ್ಟುಹೋಗಿತ್ತು.

ಸಮಾರೋಪದ ದಿನ ಭಾಷಣ, ಹಾರ, ಪ್ರಮಾಣಪತ್ರ ಎಲ್ಲ ಆಯಿತು. ನಮ್ಮಲ್ಲೊಬ್ಬಳು ‘ಗ್ರಾಮಸೇವೆಯಿಂದ ನಾನು ಕಲಿತದ್ದು’ ಎಂದು ಮಾತಾಡಿ ಕಣ್ಣೀರು ಹಾಕಿದಳು. ಬಸ್ಸಿಗೆ ಚಾಪೆ, ಬಕೆಟ್ಟು ತುಂಬುವಾಗ ಅವರೆಕಾಯಿ ಅಮ್ಮ ಬಂದು ನನ್ನ ಬ್ಯಾಗಿಗೆ ಎರಡು ತೆಂಗಿನಕಾಯಿ ತುರುಕಿದರು. ‘ಮುಂದಿನ್ ವರ್ಸಾನೂ ಬರ್ರಪ್ಪ. ಆದ್ರೆ ಶ್ರಾವಣ್ದಾಗೆ ಬನ್ನಿ, ರಾಗಿ ಹೊಲ್ದಾಗೆ ಕಳೆ ಕೀಳೋಕೆ ಒಂದಾಳೂ ಸಿಕ್ಕಾಕಿಲ್ಲ. ಚರಂಡಿ ಎಲ್ಲೋತದೆ, ಇಲ್ಲೇ ಇರ್ತದೆ.’

ಮೇಷ್ಟ್ರಿಗೆ ಹೇಳಿದೆ. ಶ್ರಾವಣದಲ್ಲಿ ಇಂಟರ್ನಲ್ಸ್ ಇರುತ್ತದಂತೆ.