ಭಾನುವಾರದ ಮೆಕ್ಯಾನಿಕ್

ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಭಾನುವಾರ ಬೆಳಿಗ್ಗೆ ಈತ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ತೂತು ಬಿದ್ದ ಬನಿಯನ್ನು, ಮಂಡಿವರೆಗೆ ಎತ್ತಿ ಕಟ್ಟಿದ ಲುಂಗಿ, ಎದುರಿಗೆ ಸೆಂಟರ್ ಸ್ಟ್ಯಾಂಡ್ ಹಾಕಿದ ಹಳೇ ಬೈಕು, ಸುತ್ತಲೂ ಪೇಪರಿನ ಮೇಲೆ ಹರಡಿದ ನಟ್ಟು, ಬೋಲ್ಟು, ವಾಷರು. ಸೋಮವಾರದಿಂದ ಶನಿವಾರದವರೆಗೆ ಈತ ಬ್ಯಾಂಕಿನವನೋ ಮೇಷ್ಟರೋ ಆಗಿರುತ್ತಾನೆ. ಕೆಟ್ಟಿದ್ದನ್ನು ರಿಪೇರಿ ಮಾಡುವವನು ಮೆಕ್ಯಾನಿಕ್. ಚೆನ್ನಾಗಿರುವುದನ್ನೂ ಬಿಡದೆ ರಿಪೇರಿ ಮಾಡುವವನು ಭಾನುವಾರದ ಮೆಕ್ಯಾನಿಕ್.

ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಅಪರಿಚಿತನಿಗೆ "ಚೈನ್ ಲೂಸ್ ಇದೆ ನೋಡ್ಕೊಳ್ಳಿ" ಎನ್ನುವುದು ಇವನ ಧರ್ಮ. ಇವನ ಆಸ್ತಿ ಹಾರ್ಲಿಕ್ಸ್ ಬಾಟ್ಲಿಯ ತುಂಬ ಹಳೇ ಸ್ಕ್ರೂಗಳು. ಎಲ್ಲ ಬಿಚ್ಚಿ ಜೋಡಿಸಿದ ಮೇಲೆ ಒಂದು ನಟ್ಟು ಕೈಯಲ್ಲಿ ಉಳಿದರೆ "ಕಂಪನಿಯೋನು ಸುಮ್ನೆ ಹಾಕಿದ್ದ" ಎಂದು ಅದೂ ಬಾಟ್ಲಿಗೇ ಸೇರುತ್ತದೆ. ಇನ್ನು ಮನೆಯೊಳಗೆ ಕುಕ್ಕರಿನ ಹಿಡಿ ಲೊಡಲೊಡ ಅಲ್ಲಾಡುತ್ತಲೇ ಇರುತ್ತದೆ. ಅದು ಇವನ ಇಲಾಖೆಗೆ ಬರುವುದಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮಕ್ಕನನ್ನು ಇಂಥವರಿಗೇ ಕೊಟ್ಟಿದ್ದೇವೆ.

ಭಾವನದು ಯೆಜ್ಡಿ. ಗೇರಿನ ಕಡ್ಡಿಯೇ ತಿರುಗಿ ಕಿಕ್ಕರ್ ಆಗುವ, ಹೊರಟರೆ ಇಡೀ ಬೀದಿಗೆ ಗೊತ್ತಾಗುವ ಗಾಡಿ. ಆ ಗಾಡಿ ತಯಾರಾದ, 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಯಾಗಿ, 1996ರಲ್ಲಿ ಬಾಗಿಲು ಹಾಕಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅವರ ತಂದೆ ದುಡಿದಿದ್ದರು. ಹಾಗಾಗಿ ಆ ಬೈಕಿನ ಬಗ್ಗೆ ಅವರ ಎದುರು ಚಕಾರ ಎತ್ತುವಂತಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅವತ್ತು ಅಕ್ಕನ ಮನೆಯಲ್ಲಿ ಯಾವ ಶುಭಕಾರ್ಯವನ್ನೂ ಇಟ್ಟುಕೊಳ್ಳುವುದಿಲ್ಲ.

ಬೆನ್ನುನೋವು ಶುರುವಾದಾಗ ಡಾಕ್ಟರು ಬೈಕು ಬಿಡಿ ಅಂದರು. ಭಾವ ಬೈಕು ಬಿಡಲಿಲ್ಲ, ಹ್ಯಾಂಡಲ್ ಬದಲಿಸಿದರು. ಮೊದಲಿಗಿಂತ ನಾಲ್ಕು ಬೆರಳು ಎತ್ತರದ್ದು. ಕೂತರೆ ದಸರಾ ಮೆರವಣಿಗೆಯ ಗತ್ತು. ಹ್ಯಾಂಡಲ್ಲೇನೋ ಮೇಲೆ ಹೋಯಿತು. ಕ್ಲಚ್ ಕೇಬಲ್ ಮಾತ್ರ ಇದ್ದಷ್ಟೇ ಇತ್ತು.

"ಟಾರ್ಚ್ ಹಿಡಿ ಬಾರಯ್ಯ" ಅಂದರು. ಬಿ.ಎಸ್ಸಿ. ಓದಿದ ನನಗೆ ಆ ಮನೆಯಲ್ಲಿ ಸಿಕ್ಕಿರುವ ಹುದ್ದೆ ಅದೊಂದೇ. ಹಗಲಾದರೂ ಹಿಡಿಯಬೇಕು. ಲಿವರಿನ ಬುಡದ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿದರು. ಒಳಕ್ಕೆ ಹೋದಷ್ಟೂ ಕೇಬಲ್ ಸಡಿಲವಾಗುತ್ತದೆ, ಹೊರಕ್ಕೆ ಬಂದಷ್ಟೂ ಬಿಗಿ. ಎಂಜಿನ್ನಿನ ಕಡೆಯದನ್ನೂ ತಿರುಗಿಸಿದರು. ಎರಡೂ ಕಡೆ ಮರೆ ಮುಗಿಯಿತು, ಲಿವರು ಮಾತ್ರ ಬಿಗಿದುಕೊಂಡೇ ಇತ್ತು.

"ಪ್ಲೇ ಸಾಲದು, ಲಿವರಿಗೆ ಇನ್ನೂ ಸ್ವಲ್ಪ ಸಡಿಲ ಬೇಕು. ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಎಂದು ನನ್ನನ್ನು ಹಿಂದೆ ಕೂರಿಸಿಕೊಂಡು ಮದುವೆಯೊಂದಕ್ಕೆ ಹೊರಟರು. ನೇರ ರಸ್ತೆಯಲ್ಲಿ ತೊಂದರೆಯಿಲ್ಲ. ರಾಮಸ್ವಾಮಿ ಸರ್ಕಲ್ಲಿನ ಹತ್ತಿರ ಬಂದ ದಾರಿಗೇ ಹೊರಳಲು ಹ್ಯಾಂಡಲ್ ಪೂರ್ತಿ ತಿರುಗಿಸಿದರು ನೋಡಿ, ಗಿಡ್ಡ ಕೇಬಲ್ ತಾನಾಗಿಯೇ ಜಗ್ಗಿ, ಯಾರೂ ಹಿಡಿಯದೆ ಕ್ಲಚ್ ಹಿಡಿದುಕೊಂಡಿತು. ಎಂಜಿನ್ ಅರಚುತ್ತಿದೆ, ಚಕ್ರ ನಿಂತಿದೆ, ಹಿಂದೆ ಸಿಟಿ ಬಸ್ಸು ಹಾರನ್ ಹೊಡೆಯುತ್ತಿದೆ. ರೇಷ್ಮೆ ಪಂಚೆಯ ನಾನು ಇಳಿದು ತಳ್ಳಿದೆ. ಹ್ಯಾಂಡಲ್ ನೇರವಾದ ತಕ್ಷಣ ಬೈಕು ಸರಕ್ಕನೆ ಮುಂದೆ ಹೋಯಿತು, ನನ್ನನ್ನು ಬಿಟ್ಟು.

ಆಮೇಲೆ ಬೈಕು ಚಾಮುಂಡಿ ಬೆಟ್ಟ ಹತ್ತುವಾಗ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬಂತು. ಪ್ಲೇ ಇಲ್ಲದಿದ್ದರೆ ಪ್ಲೇಟುಗಳು ಪೂರ್ತಿ ಕಚ್ಚಿಕೊಳ್ಳುವುದಿಲ್ಲ, ಜಾರಿ ಜಾರಿ ಸವೆಯುತ್ತವೆ ಎಂದು ಬೆಟ್ಟದ ತಿರುವಿನಲ್ಲಿ ನಿಂತು ನನಗೆ ಪಾಠ ಮಾಡಿದ್ದೂ ಅವರೇ. ಮುಂದಿನ ಭಾನುವಾರ ಕೇಬಲ್ಲನ್ನು ಫೋರ್ಕಿನ ಎಡದಿಂದ ಎಳೆದರು, ಅದರ ಮುಂದಿನ ವಾರ ಬಲದಿಂದ, ಆಮೇಲೆ ಟ್ಯಾಂಕಿನ ಕೆಳಗಿನಿಂದ. ಅಷ್ಟರಲ್ಲಿ ಬೀದಿಯ ಕೊನೆಯ ಗ್ಯಾರೇಜಿನ ಹುಡುಗ ಹಾದುಹೋದವನು ಒಂದು ಸಲ ನೋಡಿ, "ಕೇಬಲ್ ಗಿಡ್ಡ ಆಗಿದೆ ಸಾರ್, ಉದ್ದದ್ದು ಹಾಕಿಸಿ, ಮುಗೀತು" ಅಂದ.

"ಅಷ್ಟು ನನಗೆ ಗೊತ್ತಿಲ್ವೇನೋ" ಎಂದರು ಭಾವ.

ಗೊತ್ತಿತ್ತು. ಉದ್ದದ ಕೇಬಲ್ ತಂದರೆ ಕೆಲಸ ಮುಗಿಯುತ್ತದೆ ಅನ್ನುವುದೇ ತೊಂದರೆಯಾಗಿತ್ತು. ಕೆಲಸ ಮುಗಿದ ಭಾನುವಾರ ಈ ಜನ ಏನು ಮಾಡಬೇಕು? ಒಳಗೆ ಹೋದರೆ ಟಿವಿ, ಮಾತಾಡಿಸಿದರೆ ಮೊಬೈಲು ನೋಡುತ್ತಲೇ ಹ್ಞೂಂ ಅನ್ನುವ ಮಗ. ಹೊರಗೆ ಬೈಕು ಬಿಚ್ಚಿಕೊಂಡು ಕೂತರೆ ಹಾಲಿನವನು ನಿಲ್ಲುತ್ತಾನೆ, ವಾಕಿಂಗ್ ಹೊರಟ ಹಿರಿಯರು ನಿಲ್ಲುತ್ತಾರೆ, ಎದುರು ಮನೆಯವರು ಕಾಫಿ ಲೋಟ ಹಿಡಿದುಕೊಂಡೇ ಬರುತ್ತಾರೆ. ಬೀದಿಯಲ್ಲಿ ಸುಮ್ಮನೆ ನಿಂತು ಮಾತಾಡಲು ಈಗ ಜನಕ್ಕೆ ಸಂಕೋಚ. ನಡುವೆ ಒಂದು ಬಿಚ್ಚಿದ ಬೈಕಿದ್ದರೆ ಮರ್ಯಾದೆ.

ಕೊನೆಗೆ ಉದ್ದದ ಕೇಬಲ್ ಬಂತು. ಅಕ್ಕ ಮಗನ ಕೈಯಲ್ಲಿ ತರಿಸಿದಳು. ಲಿವರಿನ ಬುಡದಲ್ಲಿ 2-3 ಮಿಲಿಮೀಟರ್ ಸಂದು ಬಿಟ್ಟು, ಹ್ಯಾಂಡಲ್ಲನ್ನು ಎರಡೂ ತುದಿಗೆ ತಿರುಗಿಸಿ, ಆ ಸಂದು ಕಡಿಮೆಯಾಗಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಲಾಕ್‌ನಟ್ಟು ಬಿಗಿದರು ಭಾವ. ಕೈ ಒಂದು ಚೂರೂ ತಡವರಿಸಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಬರುವವರು ಅಷ್ಟು ಭಾನುವಾರ ನನ್ನ ಕೈಯಲ್ಲಿ ಟಾರ್ಚ್ ಹಿಡಿಸಿದ್ದಕ್ಕೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಈಗ ಮಗ ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದಾನೆ. ಕ್ಲಚ್ ಇಲ್ಲ, ಗೇರ್ ಇಲ್ಲ, ಕಾರ್ಬುರೇಟರ್ ಇಲ್ಲ. ಕೆಟ್ಟರೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡುತ್ತಾರಂತೆ. ಪೂಜೆಗೆ ನಿಂಬೆಹಣ್ಣಿಟ್ಟು ನಿಲ್ಲಿಸಿದ್ದ ಆ ಸ್ಕೂಟರಿನ ಸುತ್ತ ಭಾವ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ಸುತ್ತಿದರು. ಬಗ್ಗಿ ನೋಡಿದರು, ಸೀಟು ಒತ್ತಿದರು. ಆಮೇಲೆ ಎಡಗಡೆಯ ಕನ್ನಡಿಯನ್ನು ಹಿಡಿದು ಅಲ್ಲಾಡಿಸಿ, ಲಾಟರಿ ಹೊಡೆದವರ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ಲೂಸ್ ಇದೆ ಕಣಯ್ಯಾ. ಸ್ಪ್ಯಾನರ್ ತಾ. ಹಾಗೇ ಟಾರ್ಚೂ."